ಸಿರಿದೇವಿಯು ಉಪ್ಪಿನ ಋಣ ತೀರಿಸಿದ ಹಿಮ್ಮಡಿಕುಳಿ

ಕೃತಯುಗವು ಕಳೆದು ತ್ರೇತೆಯು ಇನ್ನೂ ಕಣ್ಣು ಬಿಡದಿದ್ದ ಸಂಧಿಕಾಲದಲ್ಲಿ, ಸಾಗರಕನ್ಯೆಯೂ ಸಕಲೈಶ್ವರ್ಯಪ್ರದಾಯಿನಿಯೂ ಆದ ಸಿರಿದೇವಿಯು ತವರಾದ ಕಡಲಿಗೆ ಒಬ್ಬಳೇ ಹೊರಟು, ಪಶ್ಚಿಮತೀರದ ಈ ಉಪ್ಪಿನ ಆಗರಗಳ ಬದುಗಳಲ್ಲಿ ಸುತ್ತಿ ಸುತ್ತಿ, ನಿಂತಲ್ಲಿಗೇ ಮೂರು ಸಲ ಬಂದು ನಿಂತಳು. ಮೂರು ಲೋಕ ಅಲೆದವರಿಗೂ ತವರಿನ ದಾರಿ ತಪ್ಪುವುದುಂಟು. ಮದುವೆಯಾಗಿ ಒಂದು ಯುಗವೇ ಆಗಿದ್ದರೆ ಕೇಳುವುದೇ ಬೇಡ.

ಅಲ್ಲಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಉಪ್ಪಿನ ಪಾತಿಗಾಗಿ ಜೇಡಿನೆಲವನ್ನು ತುಳಿದು ಹದಗೊಳಿಸುತ್ತಿದ್ದ ಮಂಕಾಳಿಯೆಂಬವಳನ್ನು ಕಂಡು, "ತಂಗೀ, ಸಮುದ್ರರಾಜನ ಮನೆಗೆ ದಾರಿ ಯಾವುದು?" ಎಂದಳು.

"ಮೊದಲು ಬದುವಿಗೆ ಹತ್ತಕ್ಕಾ, ಹದ ಮಾಡಿದ ನೆಲ ಹಾಳಾಗ್ತದೆ. ಅವನ ಮನೆಗೆ ನೀ ಯಾಕೆ ಹೋಗ್ಬೇಕು? ಈ ತೂಬಿನ ಹಲಗೆ ಎತ್ತಿದ್ರೆ ಅವನೇ ಬರ್ತಾನೆ. ದಿನಕ್ಕೆ ಎರಡು ಸಲ."

ದೇವಿಯ ಎದೆಯಲ್ಲಿ ಮುಳ್ಳು ಮುರಿಯಿತು. ಮಗಳ ಹೊಸಿಲನ್ನು ಯುಗಕ್ಕೊಮ್ಮೆಯೂ ಮೆಟ್ಟದ ತಂದೆ, ಬಿಸಿಲಿಗೆ ಬೆಂದ ಈ ಹೆಂಗಸಿನ ಬಾಗಿಲಿಗೆ ದಿನಕ್ಕೆರಡು ಸಲವೇ!

ಮಂಕಾಳಿಯು ಹಸಿದವಳನ್ನು ಕೂರಿಸಿ, ಗಂಜಿಗೆ ಚಿಟಿಕೆ ಉಪ್ಪು ಬೆರೆಸಿ ಕೊಟ್ಟಳು. ದೇವಿಯು ಉಂಡಳು, ಉಂಡಷ್ಟೂ ಹೊಟ್ಟೆಕಿಚ್ಚು ಏರಿತು. ಅಕ್ಕಿ, ಬಟ್ಟೆ, ಎಣ್ಣೆ ಹೊತ್ತ ಎತ್ತುಗಳು ದೇಶದೇಶಗಳಿಂದ ಇಲ್ಲಿಗೆ ಇಳಿದುಬಂದು ಉಪ್ಪು ಹೇರಿಕೊಂಡು ಹೋಗುತ್ತಿದ್ದವು. ತನ್ನ ಹೆಸರನ್ನು ಎತ್ತುವವರೇ ಇರಲಿಲ್ಲ. ಎದ್ದು ಹೋಗುವಾಗ ಆಕೆ, ಇನ್ನು ನನ್ನ ಹೆಸರನ್ನೇ ಎತ್ತಲಿ ಎಂದು, ಬದುವಿನ ಉದ್ದಕ್ಕೂ ಸೆರಗು ಬೀಸಿದಳು. ಪಾತಿಪಾತಿಗಳ ಉಪ್ಪೆಲ್ಲ ಕನಕದ ಹರಳಾಯಿತು. ಮಂಕಾಳಿ ತುಳಿಯುತ್ತಿದ್ದ ಪಾತಿಯಲ್ಲಿ ಉಪ್ಪು ಇನ್ನೂ ಕಟ್ಟಿರಲಿಲ್ಲವಾದ್ದರಿಂದ ಅದೊಂದು ಉಳಿಯಿತು.

ಜನರು ಉಪ್ಪು ಎಳೆಯುವ ಗೋರುಮಣೆಗಳನ್ನು ಎಸೆದು ಕುಣಿದರು. ಎತ್ತುವವರಿಲ್ಲದೆ ತೂಬಿನ ಹಲಗೆಗಳು ಬಿಗಿದುಹೋದವು. ಆದರೆ ಚಿನ್ನ ಹೆಚ್ಚಿತೇ ಹೊರತು ಅಕ್ಕಿ ಒಂದು ಕಾಳೂ ಹೆಚ್ಚಲಿಲ್ಲ. ಮೊದಲು ಒಂದು ಹರಳಿಗೆ ಸಿಗುತ್ತಿದ್ದ ಅಕ್ಕಿಗೆ ಒಂದು ಬುಟ್ಟಿ ಹರಳು ಕೇಳಿದರು, ಆಮೇಲೆ ಎತ್ತಿನ ಹೇರು, ಆಮೇಲೆ ಎತ್ತುಗಳು ಬರುವುದನ್ನೇ ನಿಲ್ಲಿಸಿದವು. ಉಪ್ಪಿಲ್ಲದೆ ಮೀನು ಕೊಳೆಯಿತು, ದನಗಳು ಗೋಡೆ ನೆಕ್ಕಿದವು. ಚಿನ್ನದ ಗುಡ್ಡೆಯ ಮೇಲೆ ಕೂತು ಊರು ಹಸಿಯಿತು. ಮಂಕಾಳಿಯೊಬ್ಬಳು ತನ್ನ ಪಾತಿಯಲ್ಲಿ ಬೆಳೆದದ್ದನ್ನು ಮನೆಮನೆಗೆ ಚಿಟಿಕೆ ಚಿಟಿಕೆಯಾಗಿ ಹಂಚುತ್ತಿದ್ದಳು.

ಇತ್ತ ದೇವಿಯು ತೂಬಿನ ನೀರಿನ ಜಾಡು ಹಿಡಿದು ದಡಕ್ಕೆ ಬಂದರೆ ಅಲೆಗಳು ಆಕೆಯ ಪಾದದಿಂದ ಹಿಂಜರಿದವು. ಸಮುದ್ರರಾಜನು ಗಂಭೀರಘೋಷದಿಂದ ನುಡಿದನು:

"ಮಗಳೇ, ನೀನು ಕೈಯಿಂದ ಕೈಗೆ ದಾಟುವವಳು, ಆ ಮಂಕಾಳಿಯು ಇಲ್ಲದ್ದನ್ನು ಉಂಟುಮಾಡುವವಳು. ದುಡಿಮೆಯಿದ್ದಲ್ಲಿ ನೀನು ಸಂಪತ್ತು, ಇಲ್ಲದಿದ್ದಲ್ಲಿ ಬರಿಯ ಹೊಳಪು. ಅವಳ ಉಪ್ಪು ತಿಂದಿದ್ದೀಯೆ. ಆ ಋಣ ತೀರಿಸದೆ ತವರಿನ ಹೊಸಿಲು ದಾಟಕೂಡದು."

"ಅವಳ ಬಾಗಿಲಿಗೆ ಮಾತ್ರ ದಿನಕ್ಕೆರಡು ಸಲ ಹೋಗುತ್ತೀಯಲ್ಲ, ಅಪ್ಪಾ?"

"ಅವಳು ದಿನವೂ ತೆರೆಯುತ್ತಾಳೆ."

ದೇವಿಯು ಮಂಕಾಳಿಯ ಬಳಿ ಹೋಗಿ ಕಾಲ್ಗೆಜ್ಜೆ ಬಿಚ್ಚಿಟ್ಟು ಪಾತಿಗಿಳಿದಳು.

"ಅಯ್ಯೋ, ಹಿಮ್ಮಡಿ ಊರ್ಬೇಡಕ್ಕಾ! ಕುಳಿ ಬಿದ್ದು ನೀರೆಲ್ಲ ಇಂಗಿಹೋಗ್ತದೆ. ಅಂಗಾಲು ಪೂರ್ತಿ ಒತ್ತು. ನಿನ್ನ ಮನೇಲಿ ಕೆಲಸ ಯಾರೂ ಕಲಿಸ್ಲಿಲ್ವಾ?"

"ಇಲ್ಲ," ಎಂದಳು ಜಗನ್ಮಾತೆ, ತಲೆ ತಗ್ಗಿಸಿ.

ಆ ಪಾತಿಯ ಮೂಲೆಯಲ್ಲಿ ಆಕೆ ತಪ್ಪಿ ಊರಿದ ಏಳು ಹಿಮ್ಮಡಿಯ ಕುಳಿಗಳು ಶಿಲೆಯಾಗಿ ಇಂದಿಗೂ ಕಾಣುತ್ತವೆ. ಅಲ್ಲಿಂದ ಮುಂದಕ್ಕೆ, ಆಕೆ ಕಲಿತು ತುಳಿದಲ್ಲಿ, ಬಂಡೆಯು ಅಂಗೈಯಂತೆ ನುಣುಪಾಗಿದೆ. ಈ ಸನ್ನಿಧಿಯಲ್ಲಿ ಕಾಣಿಕೆಯ ಹುಂಡಿಯಿಲ್ಲ. ಬಂದವರು ಒಂದು ಪಾತಿಯ ಅಂಚನ್ನಾದರೂ ತುಳಿದ ಮೇಲೆಯೇ ದರ್ಶನ.

ನೆಲ ಗಟ್ಟಿಯಾಗಿ, ನೀರು ನಿಂತು, ಬಿಸಿಲು ಕಾದು, ಬಿಳಿಯ ಹರಳು ಕಟ್ಟಿತು. ಅದನ್ನು ಕಂಡು ನೆರೆಹೊರೆಯವರೂ ಒಬ್ಬೊಬ್ಬರಾಗಿ ಗೋರುಮಣೆ ಹುಡುಕಿಕೊಂಡು ಬಂದರು. ಬೊಬ್ಬೆಯೆದ್ದ ಕೈಗಳಿಂದ ದೇವಿಯು ಉಪ್ಪು ಗೋರಿ, ಬುಟ್ಟಿ ತುಂಬಿ, ಮಂಕಾಳಿಯ ತಲೆಗೆ ಹೊರಿಸಿದಳು.

ಮಂಕಾಳಿಯು ಬುಟ್ಟಿಯನ್ನು ಬದುವಿಗಿಳಿಸಿ, ಒಂದು ಹರಳನ್ನು ನಾಲಗೆಗಿಟ್ಟು ನೋಡಿ, "ಗಂಜಿಗೆ ಸರಿಹೋಯ್ತಕ್ಕಾ," ಎಂದು ತೂಬಿನ ಹಲಗೆ ಎತ್ತಿದಳು. ಬಂದ ಕಡಲು ಈ ಸಲ ದೇವಿಯ ಪಾದದಿಂದ ಹಿಂಜರಿಯಲಿಲ್ಲ.