ಹತ್ತೊಂಬತ್ತು ಹೆಬ್ಬೆಟ್ಟಿನ ಹಂಸ

ಕಪಿಲಾ ನದಿಯ ದಂಡೆಯಲ್ಲಿ ಚಿಕ್ಕಯ್ಯ ಗುರುಗಳ ಆಶ್ರಮ. ಆಶ್ರಮ ಅಂದರೆ ಎರಡು ಕೋಣೆ, ಒಂದು ಹೊಂಗೆಮರ. ಗುರುಗಳು ಮಾತಾಡುತ್ತಿದ್ದುದು ಕಡಿಮೆ. ಅದಕ್ಕೇ ಏನೋ, ಮಾತು ಜಾಸ್ತಿ ಇದ್ದವರೆಲ್ಲ ಅಲ್ಲಿಗೆ ಬರುತ್ತಿದ್ದರು.

ಅವರಲ್ಲಿ ಪಶುಪತಿಯೂ ಒಬ್ಬ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ತೀರಿಹೋದ ಅಪ್ಪನ ಹಳೇ ಕಾರು ಅವನ ಪಾಲಿಗೆ ಬಂದಿತ್ತು. ಒಂದು ಭಾನುವಾರ ಆ ಕಾರನ್ನು ಮರದಡಿ ನಿಲ್ಲಿಸಿ, ಮುಖ ಜೋಲು ಹಾಕಿಕೊಂಡು ಬಂದು ಕೂತ.

"ಗುರುಗಳೇ, ಕಾರಿನ ಮೂತಿಯ ಮೇಲೆ ಒಂದು ಹಿತ್ತಾಳೆ ಹಂಸ ಇತ್ತು. ಅಪ್ಪ ಆಸೆಪಟ್ಟು ಮಾಡಿಸಿದ್ದು. ಮೂರು ವರ್ಷದ ಹಿಂದೆ ಛತ್ರದ ಮುಂದೆ ನಿಲ್ಲಿಸಿದ್ದಾಗ ಯಾರೋ ಕಿತ್ತುಕೊಂಡು ಹೋದರು."

"ಕಾರು ಓಡುತ್ತೋ?"

"ಓಡುತ್ತೆ. ಅಮ್ಮ ಹತ್ತಲ್ಲ. ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ಆ ಹಂಸ ಉಜ್ಜುತ್ತಿದ್ದವರು ಅವರೇ. ಈಗ 'ಮೂಗುತಿ ಕಳಕೊಂಡ ಮುಖ, ನೋಡಕ್ಕಾಗಲ್ಲ ಕಣೋ' ಅಂತಾರೆ. ಎಂಬತ್ತೆರಡು ವರ್ಷ ಅವರಿಗೆ. ಡಾಕ್ಟರ ಹತ್ತಿರ ಆಟೋದಲ್ಲಿ ಹೋಗ್ತಾರೆ. ನಾನು ಹಿಂದೆ ಖಾಲಿ ಕಾರು ಓಡಿಸ್ಕೊಂಡು ಹೋಗ್ತೀನಿ."

"ಹಂಸ ಮಾಡಿಸು ಮತ್ತೆ."

"ಎರಕದವನು ಒಂದಕ್ಕೆಲ್ಲ ಕುಲುಮೆ ಹಚ್ಚಲ್ಲವಂತೆ. ಇಪ್ಪತ್ತಾದರೆ ಮಾತ್ರ. ನಮ್ಮ ಹಳೇ ಕಾರಿನವರ ಸಂಘದಲ್ಲಿ ನನ್ನ ಬಿಟ್ಟು ಹತ್ತೊಂಬತ್ತು ಜನ. ಎಲ್ಲರೂ ಸೇರಿ ಒಂದೇ ಲಾಂಛನ ಮಾಡಿಸೋಣ ಅಂದೆ. ಒಪ್ಪಿದರು."

"ಇನ್ನೇನು ಕಷ್ಟ?"

"ಒಪ್ಪಿದ ಮೇಲೆ ಎಲ್ಲರೂ 'ಆದರೆ' ಅಂದರು ಗುರುಗಳೇ."

ಗುರುಗಳು ಕಣ್ಣು ಮುಚ್ಚಿದರು. ಪಶುಪತಿ ಮುಂದುವರಿಸಿದ.

"ವಕೀಲರಿಗೆ ಹಂಸದ ತಲೆ ಮೇಲೆ ಕಿರೀಟ ಬೇಕು. ಇಂಜಿನಿಯರ್ ಪದ್ಮರಾಜಯ್ಯನವರಿಗೆ ಕತ್ತು ಉದ್ದವಾಯ್ತು, ಗಾಳಿಗೆ ಅಡ್ಡ ಆಗುತ್ತಂತೆ. ಅವರ ಕಾರು ಶೆಡ್ಡಿನಿಂದ ಈಚೆ ಬಂದೇ ಒಂಬತ್ತು ವರ್ಷ ಆಗಿದೆ! ಹಲ್ಲಿನ ಡಾಕ್ಟರಿಗೆ ಕೊಕ್ಕು ಚೂಪಾಯ್ತು. ಇನ್ನೊಬ್ಬರದು ಸಿಂಹ ರಾಶಿ, ಬಾಲವಾದರೂ ಸಿಂಹದ್ದಿರಲಿ ಅಂತ ಕೈಮುಗಿದರು. ಎತ್ತು ಏರಿಗೆ, ಕೋಣ ನೀರಿಗೆ. ಆರು ಸಲ ಚಿತ್ರ ತಿದ್ದಿದೆ. ಎರಡು ತಿಂಗಳು ಹೋಯ್ತು. ಆಯುಧಪೂಜೆಗೆ ಇನ್ನು ಇಪ್ಪತ್ತೈದೇ ದಿನ."

ಗುರುಗಳು ಕಣ್ಣು ಬಿಟ್ಟರು.

"ಮೇಣದಲ್ಲಿ ಒಂದು ಹಂಸ ಮಾಡಿಕೊಂಡು ಬಾ."

ಪಶುಪತಿ ವಾರವಿಡೀ ಕೂತು ಮಾಡಿದ. ಚೆನ್ನಾಗಿಯೇ ಮಾಡಿದ. ಕತ್ತಿನ ಬಾಗು ಅಪ್ಪನ ಹಂಸದ್ದೇ. ಮುಂದಿನ ಭಾನುವಾರ ಅದನ್ನು ತಗಡಿನ ಡಬ್ಬಿಯೊಳಗೆ ಹತ್ತಿಯಲ್ಲಿ ಮಲಗಿಸಿಕೊಂಡು ತಂದ.

ಗುರುಗಳು ಹಂಸವನ್ನು ಎತ್ತಿ ಅವನ ಅಂಗೈ ಮೇಲೆ ಇಟ್ಟರು. ಡಬ್ಬಿಯನ್ನು ತಮ್ಮ ಹತ್ತಿರ ಇಟ್ಟುಕೊಂಡರು.

"ಹೀಗೇ ಹಿಡಿದುಕೊಂಡು ಹತ್ತೊಂಬತ್ತು ಮನೆಗೂ ಹೋಗಿ ಬಾ. ಎಲ್ಲೂ ಕೆಳಗಿಡಬೇಡ. ಏನು ಬದಲಾಗಬೇಕೋ ಅವರವರೇ ಹೆಬ್ಬೆಟ್ಟಿನಲ್ಲಿ ಒತ್ತಿ ತಿದ್ದಲಿ. ಒಬ್ಬರಿಗೆ ಒಂದೇ ಒತ್ತು."

"ಗುರುಗಳೇ, ಕೈಯಲ್ಲಿ ಹಂಸ ಇಟ್ಟುಕೊಂಡು ಕಾರು ಹೇಗೆ ಓಡಿಸಲಿ?"

"ನಡೆದುಕೊಂಡು ಹೋಗು."

"ಬಿಸಿಲಿದೆ. ಮೇಣ ಮೆತ್ತಗಾಗುತ್ತೆ."

"ಹಾಗಾದರೆ ಈಗಲೇ ಹೊರಡು."

ಹೊರಟ. ವಕೀಲರು ಕಿರೀಟಕ್ಕೆ ಜಾಗ ಮಾಡಲು ತಲೆ ಒತ್ತಿದರು, ತಲೆ ಚಪ್ಪಟೆಯಾಯಿತು. ಪದ್ಮರಾಜಯ್ಯನವರು ಸ್ಕೇಲು ತಂದು ಅಳೆದು ಕತ್ತು ಒತ್ತಿದರು, ಕತ್ತು ಹೊಟ್ಟೆಯೊಳಗೆ ಹೋಯಿತು. ಡಾಕ್ಟರು ಬಲು ನಾಜೂಕಾಗಿ ಒತ್ತಿದರು, ಕೊಕ್ಕು ಹೋಯಿತು. ಸಿಂಹ ರಾಶಿಯವರು ಎರಡು ಸಲ ಒತ್ತಲು ನೋಡಿದರು, ಪಶುಪತಿ ಬಿಡಲಿಲ್ಲ.

ಹನ್ನೆರಡನೇ ಮನೆ ದಾಟುವ ಹೊತ್ತಿಗೆ ಅಂಗೈ ಮೇಲೆ ಹಕ್ಕಿಯೇ ಇರಲಿಲ್ಲ. ಆದರೂ ಹದಿಮೂರನೆಯವರು "ರೆಕ್ಕೆ ಸ್ವಲ್ಪ ದಪ್ಪ ಆಯ್ತು" ಅಂದು ಯಾವುದನ್ನೋ ರೆಕ್ಕೆ ಅಂದುಕೊಂಡು ಒತ್ತಿದರು. ಹತ್ತೊಂಬತ್ತನೆಯವರು ಒತ್ತಿ, ಕನ್ನಡಕ ಸರಿಮಾಡಿಕೊಂಡು, "ಈಗ ನೋಡಿ, ಸರಿಹೋಯ್ತು" ಅಂದರು.

ಸಂಜೆ ಪಶುಪತಿ ಆಶ್ರಮದ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. ನಲವತ್ತಾರು ವರ್ಷದ ಗಂಡಸು, ಕೈಯಲ್ಲಿ ಮೇಣದ ಉಂಡೆ. ನಗು ಬರುವಂಥದ್ದೇ, ಆದರೆ ಅವನ ಸಂಕಟ ಸುಳ್ಳಲ್ಲ.

"ಗಣಪತಿ ಮಾಡಲು ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು. ಅಮ್ಮನಿಗೆ ಏನು ತೋರಿಸಲಿ?"

"ಮೊದಲು ಎರಕದವನಿಗೆ ತೋರಿಸು."

"ಈ ಉಂಡೆಯನ್ನ?"

"ಇಂಥವೇ ಇಪ್ಪತ್ತು ಬೇಕು ಅನ್ನು. ಮೇಲೆ ಕೆಳಗೆ ಎಲ್ಲೂ ಒಂದು ಗೆರೆಯನ್ನೂ ಅಳಿಸಬೇಡ ಅಂತ ಹೇಳು."

ಆಯುಧಪೂಜೆಯ ಹಿಂದಿನ ದಿನ ಇಪ್ಪತ್ತು ಹಿತ್ತಾಳೆ ಉಂಡೆಗಳು ಬಂದವು. ಪಶುಪತಿ ನೆಪಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡೇ ಹಂಚಲು ಹೋದ. ಒಂದೂ ಬೇಕಾಗಲಿಲ್ಲ.

ವಕೀಲರು ಒಂದು ಗುಳಿಯಲ್ಲಿ ತಮ್ಮ ಹೆಬ್ಬೆಟ್ಟು ಇಟ್ಟು ನೋಡಿದರು. ಸರಿಯಾಗಿ ಕೂತಿತು. "ಇದೇ ಕಣ್ರೀ ಕಿರೀಟ!" ಅಂದರು. ಪದ್ಮರಾಜಯ್ಯನವರು ಇನ್ನೊಂದು ಗುಳಿಯಲ್ಲಿ ಹೆಬ್ಬೆಟ್ಟಿಟ್ಟು, "ಗಾಳಿ ಹೀಗೇ ಹೋಗಬೇಕು" ಅಂದರು. ಹತ್ತೊಂಬತ್ತು ಜನರೂ ತಂತಮ್ಮ ಗುಳಿ ಹುಡುಕಿಕೊಂಡು ಸಂತೋಷಪಟ್ಟರು. ಹಂಸ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ.

ಪಶುಪತಿಗೆ ತನ್ನದನ್ನು ನೆಟ್ಟಗೆ ನೋಡುವ ಮನಸ್ಸೂ ಇರಲಿಲ್ಲ. ಕಾಗದ ಸುತ್ತಿದ್ದ ಹಾಗೇ ಮೆಕ್ಯಾನಿಕ್ ಕೈಗೆ ಕೊಟ್ಟು ಕಾರಿನ ಮೂತಿಗೆ ಸ್ಕ್ರೂ ಹಾಕಿಸಿದ.

ಬೆಳಿಗ್ಗೆ ಅಮ್ಮ ಕಾರಿನ ಮುಂದೆ ಬಂದು ನಿಂತರು.

"ಹಂಸ ಎಲ್ಲೋ?"

ಅವನು ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದ. ಅಮ್ಮ ಉಂಡೆಯ ಮೇಲೆ ಬೆರಳಾಡಿಸಿದರು. ತಿರುಗಿ ಒಳಗೆ ಹೋದರು. ಮುಗಿಯಿತು ಅಂದುಕೊಂಡ ಪಶುಪತಿ.

ಅವರು ಹುಣಸೆಹಣ್ಣು ತರಲು ಹೋಗಿದ್ದರು. ಬಂದು ಉಜ್ಜಿದರು, ತೊಳೆದರು, ಕುಂಕುಮ ಇಟ್ಟರು. ಆಮೇಲೆ ಅಂಗಳದ ಗರಿಕೆ ಕಿತ್ತು ಉಂಡೆಯ ನೆತ್ತಿಯ ಗುಳಿಗೆ ಸಿಕ್ಕಿಸಿದರು.

"ಥೇಟ್ ಬೆನಕ ಕೂತಂಗಿದೆ. ಇರಲಿ ಬಿಡೋ. ಹಂಸ ಹಾರಿಹೋಗೋ ಜಾತಿ. ಇವನು ಕೂತ ಕಡೆ ಕೂತಿರ್ತಾನೆ."

ಮುಂದಿನ ಬಾಗಿಲು ತೆಗೆದು ಕೂತರು.

"ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದೀಯಾ? ಹೊರಡು ಮತ್ತೆ."

ಕಾರು ಸೀದಾ ಆಶ್ರಮಕ್ಕೆ ಬಂತು. ಅಮ್ಮ ಇಳಿಯಲಿಲ್ಲ, ಮೂರು ವರ್ಷದ ಮೇಲೆ ಹತ್ತಿದ್ದರು, ಇಳಿಯುವ ಮನಸ್ಸಿರಲಿಲ್ಲ. ಪೂಜೆಯ ಪುರಿ ತಿನ್ನುತ್ತಾ ಒಳಗೇ ಕೂತಿದ್ದರು.

ಪಶುಪತಿ ಗುರುಗಳ ಕಾಲಿಗೆ ಬಿದ್ದ. ಎದ್ದವನು ತಲೆ ಕೆರೆದುಕೊಂಡ.

"ಇನ್ನೇನಯ್ಯಾ?"

"ಕೇಳಿದರೆ ಸಣ್ಣತನ ಅನಿಸುತ್ತೆ ಗುರುಗಳೇ. ಎಲ್ಲರೂ ತಮ್ಮ ಗುರುತು ಹುಡುಕಿಕೊಂಡರು. ಹಂಸ ಹಾಳಾದೀತು ಅಂತ ನಾನೊಬ್ಬ ಒತ್ತಲೇ ಇಲ್ಲ. ಇಪ್ಪತ್ತು ಕಾರಿನಲ್ಲೂ, ನಮ್ಮಪ್ಪನ ಕಾರಿನಲ್ಲೂ, ನನ್ನ ಗುರುತೇ ಇಲ್ಲವಲ್ಲ?"

ಗುರುಗಳು ಎದ್ದು ಕಾರಿನ ಹತ್ತಿರ ಹೋದರು. ಬೆನಕನಿಗೆ ಕೈಮುಗಿದರು. ಕಿಟಕಿಯಿಂದ ಅಮ್ಮ ಕೊಟ್ಟ ಪುರಿಯನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಹತ್ತೊಂಬತ್ತು ಮನೆಗೂ ಅದನ್ನು ಹೊತ್ತುಕೊಂಡು ಹೋದದ್ದು ಯಾರ ಅಂಗೈ?" ಎಂದರು. "ಸ್ಕ್ರೂ ಬಿಚ್ಚಿ, ಮಗುಚಿ ನೋಡು."