ಕುರ್ಚಿಗೆ ಮುಟ್ಟದ ಡೊಳ್ಳು

ದಾವಣಗೆರೆಯ ಒಂದು ಸ್ಟುಡಿಯೊದಲ್ಲಿ, ಡೊಳ್ಳಿನ ಗುಡ್ಡಪ್ಪ ಬಾರಿಸಿದ ಕೊನೆಯ ಹಾಡು ಓಡುತ್ತಿತ್ತು. ಅವನು ತೀರಿಕೊಂಡು ಹನ್ನೊಂದು ದಿನವಾಗಿತ್ತು.

"ಪೆಟ್ಟಿನಲ್ಲಿ ಸತ್ವವೇ ಇಲ್ಲ. ಯಾವತ್ತೂ ಇರಲಿಲ್ಲ," ಎಂದರು ಸಂಗೀತ ನಿರ್ದೇಶಕ ಪ್ರಾಣೇಶರಾಯರು, ಕುರ್ಚಿಯಲ್ಲಿ ಕೂತೇ ಸಹಾಯಕನಿಗೆ. "ಅಳಿಸು. ಕೀಬೋರ್ಡಿನ ಡೊಳ್ಳು ಹಾಕು."

ಸಹಾಯಕ ಬೆಳಿಗ್ಗೆಯೇ ದಪ್ಪ ದನಿ ಹೊರಡಿಸುವ ಸಬ್‌ವೂಫರ್ ಪೆಟ್ಟಿಗೆ ನೋಡಿದ್ದ. ಕರೆಂಟಿತ್ತು, ವೈರು ಸರಿಯಿತ್ತು. ವಾಲ್ಯೂಮ್ ತಿರುಗಿಸಿ, ಹಿಂದಿನ ಸ್ವಿಚ್ಚನ್ನೂ ಆಚೀಚೆ ಮಾಡಿದ್ದ.

"ಸರ್, ಸ್ಪೀಕರ್ ಪೆಟ್ಟಿಗೆ ಸರಿಯಿದೆ. ಕೋಣೆಯಲ್ಲಿ ಕೆಲವು ಜಾಗಕ್ಕೆ ಬೇಸ್, ಆ ದಪ್ಪ ದನಿ, ಕೇಳಿಸಲ್ಲ. ಕುರ್ಚಿ ಸ್ವಲ್ಪ ಸರಿಸಿದ್ರೆ..."

"ವಾಸ್ತು ನೋಡಿ ಹಾಕಿಸಿದ ಕುರ್ಚಿ ಅದು. ನಾನೆಲ್ಲಿ ಕೂರಬೇಕು ಅಂತ ನೀನು ಹೇಳ್ತೀಯಾ?"

ಸಹಾಯಕ ಕಂಪ್ಯೂಟರಿನತ್ತ ತಿರುಗಿದ. ಅಳಿಸಲು ಕೈ ಚಾಚಿ, ಹಾಗೇ ನಿಂತ.

"ಅಳಿಸೋಕೆ ಮುಂಚೆ ಗುಡ್ಡಪ್ಪನವರ ಫೋಟೊಗೆ ಒಂದು ಹೂ ಹಾಕಿಬಿಡಿ ಸರ್. ಹಾಡು ಓಡ್ತಿರಲಿ."

ಸತ್ತವನಿಗೆ ಹೂ ಹಾಕೋದಿಲ್ಲ ಎನ್ನುವುದು ಹೇಗೆ? ಫೋಟೊ ಇದ್ದದ್ದು ರಾಯರು ಎಂದೂ ಕಾಲಿಡದ ಮೂಲೆಯಲ್ಲಿ. ಸಹಾಯಕ ಬೆಳಿಗ್ಗೆ ತಾನೇ ಅಲ್ಲಿ ಮೊಳೆ ಹೊಡೆದಿದ್ದ. ರಾಯರು ಹೂ ಹಿಡಿದು ಹೋದರು. ಡೊಳ್ಳು ಎದೆಗೆ ಗುದ್ದಿತು. ಫೋಟೊದ ಗಾಜು ನಡುಗಿತು. ಹೂ ಕೈಯಲ್ಲೇ ಉಳಿಯಿತು.

"ಇದು ಯಾವಾಗ ಬಾರಿಸಿದ್ದು?"

"ಮೂರು ವರ್ಷದಿಂದ ಹೀಗೇ ಬಾರಿಸ್ತಿದ್ರು ಸರ್. ನೀವು ಸಾಲದು ಅಂದಾಗೆಲ್ಲ ಇನ್ನೂ ಜೋರಾಗಿ."

ರಾಯರು ಹೂವನ್ನು ಫೋಟೊಗೆ ಸಿಕ್ಕಿಸಿದರು. ಕೊನೆಗೆ, "ನನ್ನ ಬಗ್ಗೆ ಏನಾದ್ರೂ ಅಂತಿದ್ನಾ?" ಎಂದರು.

"ಮನೆಗೆ ಹೊರಡುವಾಗ ಅಂಗೈಗೆ ಎಣ್ಣೆ ಹಚ್ಚಿಕೊಳ್ತಾ ಒಂದೇ ಕೇಳೋರು ಸರ್. 'ಇವತ್ತಾದ್ರೂ ರಾಯರಿಗೆ ಮುಟ್ಟಿತೇನಪ್ಪಾ' ಅಂತ."