ಸಮುದ್ರ ನಿಲ್ಲಲು ಕಲಿತದ್ದು

ಭಗವಂತ ಭೂಮಿಯನ್ನು ಮಾಡಿಟ್ಟು, ಕೈಗೆ ಮೆತ್ತಿದ ಮಣ್ಣು ಇನ್ನೂ ಒಣಗಿರದ ಕಾಲ ಅದು, ಮಗಾ. ಆಗ ಸಮುದ್ರಕ್ಕೆ ನಿಲ್ಲುವ ಜಾಗವೇ ಗೊತ್ತಿರಲಿಲ್ಲ. ಇವತ್ತು ಬೆಟ್ಟದ ಮೇಲೆ, ನಾಳೆ ಕಣ್ಣಿಗೆ ಕಾಣದಷ್ಟು ದೂರ.

ದಡದಲ್ಲಿ ಬೀರ, ಗಣಪಿ ಎಂಬ ಗಂಡಹೆಂಡಿರು ಉಪ್ಪು ಬೆಳೆಯುತ್ತಿದ್ದರು. ಮೂರು ಸಲ ಸಮುದ್ರ ಬಂದು ಅವರ ಉಪ್ಪಿನ ಗದ್ದೆಯನ್ನು ನುಂಗಿತು. ನಾಲ್ಕನೆಯ ಸಲ ಗುಡಿಸಲ ಬಾಗಿಲಿಗೇ ಬಂತು. ಒಳಗೆ ತೊಟ್ಟಿಲಲ್ಲಿ ಹನ್ನೆರಡು ದಿನದ ಕೂಸು.

“ಇನ್ನೊಂದು ಹೆಜ್ಜೆ ಇಟ್ಟರೆ ನೋಡು!” ಎಂದ ಬೀರ.

“ಏನು ಮಾಡ್ತೀಯೋ? ಕುಡಿದು ಮುಗಿಸ್ತೀಯಾ?” ಎಂದಿತು ಸಮುದ್ರ. ಆಮೇಲೆ ದನಿ ತಗ್ಗಿಸಿತು. “ನನಗೂ ಸಾಕಾಗಿದೆ ಕಣಪ್ಪಾ. ಸಮನಾಗಿ ನಿಲ್ಲು ಅಂದ ದೇವರು. ಸಮ ಅಂದರೆ ಯಾವುದು ಅಂತ ನಾನು ಕೇಳಿಕೊಳ್ಳಲೇ ಇಲ್ಲ.”

“ಅಷ್ಟೇ ತಾನೆ?”

ಬೀರ ಉದ್ದನೆಯ ಹಗ್ಗ ಹೊಸೆದ. ಅವನ ಕೂಗಿಗೆ ಓಡಿಬಂದ ಗಾಳಿರಾಯ ಅದರ ಒಂದು ತುದಿಯನ್ನು ಬಡಗಣ ಬೆಟ್ಟಕ್ಕೂ, ಇನ್ನೊಂದನ್ನು ದೂರದ ತೆಂಕಣ ಬೆಟ್ಟಕ್ಕೂ ಬಿಗಿದು ಕಟ್ಟಿದ. ಹಗ್ಗ ಬಾಣದಂತೆ ನೆಟ್ಟಗಾಯಿತು.

“ಇದರ ಅಳತೆಗೆ ಸರಿಯಾಗಿ ನಿಲ್ಲು,” ಎಂದ ಬೀರ.

ಸಮುದ್ರ ನಿಂತಿತು. ಆದರೆ ಭೂತಾಯಿಯ ಒಡಲು ದುಂಡಗಿದೆಯಲ್ಲ! ಅಷ್ಟುದ್ದದ ಹಗ್ಗ ನೆಟ್ಟಗಿದ್ದರೆ ಅದರ ತುದಿಗಳು ತಾಯಿಯ ಒಡಲಾಳಕ್ಕೆ ದೂರ, ನಡು ಹತ್ತಿರ. ತಾಯಿ ತನ್ನ ಕಡೆ ಸೆಳೆದಳು. ಎರಡೂ ತುದಿಯ ನೀರು ನಡುವಿಗೆ ಧುಮುಕಿತು. ನಡುವಿನಲ್ಲಿದ್ದದ್ದು ಅವರ ಗುಡಿಸಲು.

ಗಣಪಿ ಕೂಸನ್ನು ಎದೆಗವಚಿಕೊಂಡು ಮರಳದಿಬ್ಬ ಹತ್ತಿದಳು. ನೀರು ಮೊಣಕಾಲಿಗೆ ಬಂತು. ಸೊಂಟಕ್ಕೆ ಬಂತು.

“ಅಯ್ಯೋ ಮಾರಾಯಾ,” ಎಂದು ಗಂಡನನ್ನು ಗದರಿದಳು, “ಉಪ್ಪಿನ ಗದ್ದೆ ಸಮ ಮಾಡೋವಾಗ ಯಾವತ್ತಾದರೂ ಹಗ್ಗ ಕಟ್ಟಿದ್ದೀವಾ? ನೀರು ಬಿಟ್ಟು, ಕೈಕಟ್ಟಿ ಕಾಯ್ತೀವಿ. ಸಮ ಯಾವುದು ಅಂತ ನೀರೇ ಹೇಳ್ತದೆ!”

ಆಮೇಲೆ ಸಮುದ್ರದ ಕಡೆ ತಿರುಗಿ ಕೂಸಿನ ಸಮೇತ ತಲೆಬಾಗಿದಳು.

“ತಂದೇ, ಹಗ್ಗ ನೋಡಬೇಡ. ಕಣ್ಣು ಮುಚ್ಚು. ತಾಯಿ ನಿನ್ನನ್ನು ಆ ಕಡೆ ಈ ಕಡೆ ಎಳೆಯದೆ, ಅಂಗಾಲಿನ ಕೆಳಕ್ಕೇ ನೆಟ್ಟಗೆ ಸೆಳೆಯುವ ತನಕ ಮೆಲ್ಲಗೆ ಸರಿ. ಅದು ಸಿಕ್ಕಿದಲ್ಲಿ ನಿಲ್ಲು.”

ಸಮುದ್ರ ಕಣ್ಣು ಮುಚ್ಚಿತು. ಸರಿಯಿತು. ಇನ್ನಷ್ಟು ಸರಿಯಿತು. ಗಣಪಿಯ ಸೊಂಟದಿಂದ ನೀರು ಮೊಣಕಾಲಿಗಿಳಿಯಿತು, ಪಾದಕ್ಕಿಳಿಯಿತು, ಮರಳು ಕಂಡಿತು.

ತಾಯಿಯ ಒಡಲು ಎಲ್ಲೆಡೆ ಒಂದೇ ಭಾರವಿಲ್ಲ, ಮಗಾ. ಭಾರವಿದ್ದಲ್ಲಿ ಸೆಳೆತ ಹೆಚ್ಚು, ಅಲ್ಲಿಗೆ ನೀರು ಬಂದು ಸೇರಿ ತುಸು ಉಬ್ಬಿತು. ಹಗುರವಿದ್ದಲ್ಲಿ ತುಸು ತಗ್ಗಿತು. ನಮ್ಮ ನಾಡಿನಾಚೆ ತೆಂಕಣ ಕಡಲಲ್ಲಂತೂ ಎಲ್ಲಕ್ಕಿಂತ ಹೆಚ್ಚು ತಗ್ಗಿ, ಅಡ್ಡಬಿದ್ದ ಭಕ್ತನಂತೆ ನಿಂತಿತು. ಭೂಮಿಯ ನಿಜವಾದ ಆಕಾರ ಅಂದು ತಿಳಿಯಿತು: ಚೆಂಡಿನಷ್ಟು ನುಣುಪಲ್ಲ, ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ತಗ್ಗಿದ ದುಂಡು.

“ಸಿಕ್ಕಿತು ತಾಯೀ,” ಎಂದಿತು ಸಮುದ್ರ ಗಣಪಿಗೆ, ಕೂಸಿಗೆ ಎಚ್ಚರವಾಗದಷ್ಟು ಮೆಲ್ಲಗೆ.

ಅಲೆಗಳು ಆಡುತ್ತವೆ, ಉಬ್ಬರ ಬಂದು ಹೋಗುತ್ತದೆ. ಆದರೂ ಅದು ತನ್ನ ಜಾಗ ಮರೆತಿಲ್ಲ. ಅದಕ್ಕೇ ಮಗಾ, ಎಷ್ಟೇ ದೂರದ ಊರಾಗಲಿ, ರೈಲು ನಿಲ್ದಾಣದ ಹಳದಿ ಹಲಗೆಯಲ್ಲಿ ಊರಿನ ಹೆಸರಿನ ಕೆಳಗೆ ‘ಸಮುದ್ರ ಮಟ್ಟದಿಂದ ಎತ್ತರ ಇಷ್ಟು’ ಎಂದು ಬರೆದಿರುತ್ತಾರೆ. ತಾಯಿಯ ಸೆಳೆತಕ್ಕೆ ತಲೆಬಾಗಿ ಸಮುದ್ರ ಅಂದು ನಿಂತ ಜಾಗದಿಂದಲೇ ನಾವೆಲ್ಲ ಇವತ್ತಿಗೂ ನಮ್ಮ ಎತ್ತರವನ್ನು ಅಳೆದುಕೊಳ್ಳುವುದು.